ವಿವೇಕಕ್ಕೆ ಅಂಕ ಕೊಡಬಹುದೆ?

62 ಹೇಳಿಕೆಗಳನ್ನು ಓದಿ, ಒಂದೊಂದಕ್ಕೂ ಸಮ್ಮತಿಯನ್ನೋ ಅಸಮ್ಮತಿಯನ್ನೋ ಸೂಚಿಸಿ, ಕಡೆಯ ಗುಂಡಿಯನ್ನು ಒತ್ತಿದೊಡನೆ, ರಾಜಕೀಯ ಪ್ರಪಂಚದಲ್ಲಿ ನಾವು ನಿಂತಿರುವ ಸ್ಥಾನವು ಒಂದು ಚೌಕದ ಮೇಲಿನ ಕೆಂಪು ಚುಕ್ಕೆಯಾಗಿ ಕಣ್ಣೆದುರು ಮೂಡುತ್ತದೆ. 2001ರಿಂದ ಅಂತರ್ಜಾಲದಲ್ಲಿರುವ ‘ಪೊಲಿಟಿಕಲ್ ಕಂಪಾಸ್’ ಎಂಬ ಪ್ರಶ್ನಾವಳಿಯ ಕ್ರಮವಿದು. ಇದರ ಹಿಂದೆಯೂ ಮುಂದೆಯೂ ಇಂತಹವು ಅನೇಕ ಹುಟ್ಟಿವೆ: ಕೆಲವು ನಮ್ಮ ನಿಲುವನ್ನು ಗುರುತಿಸಿಕೊಡುತ್ತೇವೆನ್ನುತ್ತವೆ; ಕೆಲವು ನಮ್ಮ ತರ್ಕಶಕ್ತಿಗೆ ಅಂಕ ಕೊಡುತ್ತವೆ; ಮತ್ತೆ ಕೆಲವು ಇನ್ನೂ ಧೈರ್ಯಮಾಡಿ, ನಾವು ಎಷ್ಟರಮಟ್ಟಿಗೆ ಪಕ್ಷಪಾತಿಗಳೆಂಬುದನ್ನೇ ಲೆಕ್ಕಹಾಕಿ ಹೇಳಿಬಿಡುತ್ತವೆ. ಇದು ಕೇವಲ ಕಾಲಕ್ಷೇಪದ ಆಟವಾಗಿದ್ದ ಪಕ್ಷದಲ್ಲಿ ವಿಮರ್ಶೆಯ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಬಂದ ಫಲವನ್ನು ನಾಲ್ಕು ಮಂದಿಗೆ ತೋರಿಸಿ ಹೆಮ್ಮೆಪಡುವಾಗ, ವಾಗ್ವಾದದ ನಡುವೆ ತನ್ನ ನಿಷ್ಪಕ್ಷಪಾತಕ್ಕೆ ಅದನ್ನೇ ಸಾಕ್ಷಿಯಾಗಿ ಒಡ್ಡುವಾಗ, ಆಟವು ಪ್ರಮಾಣದ ಪದವಿಗೇರುತ್ತದೆ. ಪ್ರಮಾಣವೆಂದು ಮುಂದೆ ಬಂದುದನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದಂತೂ ವೈಚಾರಿಕತೆಯ ಲಕ್ಷಣವಲ್ಲ.

ವಿಚಾರಕ್ಕೆ ತೊಡಗುವ ಮೊದಲು ಒಂದು ವಿಂಗಡಣೆ ಅವಶ್ಯಕ. ಒಬ್ಬನು ಯಾವ ಅಭಿಪ್ರಾಯವುಳ್ಳವನು ಎಂಬುದು ಒಂದು ಪ್ರಶ್ನೆ. ಅವನಿಗೆ ಸರಿಯಾಗಿ ತರ್ಕಿಸುವ ಸಾಮರ್ಥ್ಯವುಂಟೆ ಎಂಬುದು ಎರಡನೆಯ ಪ್ರಶ್ನೆ. ಆ ಸಾಮರ್ಥ್ಯವನ್ನು ತನ್ನ ಪ್ರೀತಿಯ ಅಭಿಪ್ರಾಯಗಳ ಮೇಲೆಯೂ ಅವನು ನಿರ್ದಾಕ್ಷಿಣ್ಯವಾಗಿ ಪ್ರಯೋಗಿಸುತ್ತಾನೆಯೆ ಎಂಬುದು ಮೂರನೆಯದು. ಮೂರೂ ಬೇರೆ ಬೇರೆ. ಮೊದಲನೆಯದನ್ನು ಇಂತಹ ಪ್ರಶ್ನಾವಳಿಗಳು ಸ್ಥೂಲವಾಗಿ ತಿಳಿಸಬಲ್ಲವು. ಎರಡನೆಯದನ್ನು ತಕ್ಕಮಟ್ಟಿಗೆ ಅಳೆಯಬಲ್ಲವು. ಮೂರನೆಯದನ್ನು, ಒಬ್ಬ ವ್ಯಕ್ತಿಯ ವಿಷಯದಲ್ಲಿ, ಹೇಳಲಾರವು. ಹೇಳಲಾರದುದಕ್ಕೆ ಕಾರಣ ಪ್ರಶ್ನೆಗಳನ್ನು ರಚಿಸಿದವರ ಅಜಾಗರೂಕತೆಯಲ್ಲ, ಪಕ್ಷಪಾತವೆಂಬುದರ ಸ್ವಭಾವವೇ ಅಂಥದು. ಇದು ಈ ಲೇಖನದ ಪ್ರತಿಪಾದ್ಯ.

ಮೊದಲು ನಿಲುವಿನ ವಿಷಯ. ರಾಜಕೀಯವನ್ನು ಎಡ ಬಲಗಳೆಂಬ ಒಂದೇ ಗೆರೆಯ ಮೇಲೆ ಇಡುವುದು ಸಾಲದೆಂದು ತೋರಿ, ಎರಡು ಗೆರೆಗಳನ್ನು ಅಡ್ಡಡ್ಡಲಾಗಿ ಎಳೆದು ನೋಡಿದವರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಹಾನ್ಸ್ ಐಸೆಂಕ್ ಒಬ್ಬನು. ಅವನ ಗ್ರಂಥ ಹೊರಬಂದದ್ದು 1954ರಲ್ಲಿ. ಅಮೆರಿಕದ ಡೇವಿಡ್ ನೋಲನ್ 1969ರಲ್ಲಿ ತನ್ನದೇ ಒಂದು ನಕ್ಷೆಯನ್ನು ರಚಿಸಿ, ವ್ಯಕ್ತಿಸ್ವಾತಂತ್ರ್ಯವನ್ನು ಒಂದು ಗೆರೆಯಾಗಿಯೂ ಆರ್ಥಿಕ ಸ್ವಾತಂತ್ರ್ಯವನ್ನು ಇನ್ನೊಂದು ಗೆರೆಯಾಗಿಯೂ ಇರಿಸಿದನು. ಅದರ ಆಧಾರದ ಮೇಲೆ 1987ರಲ್ಲಿ ಹತ್ತೇ ಪ್ರಶ್ನೆಗಳ ಒಂದು ಪುಟ್ಟ ಪರೀಕ್ಷೆಯೂ ಪ್ರಚಾರಕ್ಕೆ ಬಂದಿತು. ಎರಡು ಬಗೆಯ ಸ್ವಾತಂತ್ರ್ಯಗಳನ್ನೂ ಪೂರ್ಣವಾಗಿ ಬಯಸುವವನು ಈ ನಕ್ಷೆಯ ಶಿಖರದಲ್ಲಿ ಕಾಣಿಸಿಕೊಳ್ಳುತ್ತಾನೆ. ಮತ್ತು ನಕ್ಷೆಯನ್ನು ರಚಿಸಿದ ನೋಲನ್ ಅದೇ ಮತದವನು, ಆ ಮತದ ‘ಲಿಬರ್ಟೇರಿಯನ್’ ಪಕ್ಷವನ್ನು ಸ್ಥಾಪಿಸಿದವರಲ್ಲಿ ಒಬ್ಬನು. ಇದರಲ್ಲಿ ವಂಚನೆಯೇನೂ ಇಲ್ಲ. ಆದರೆ ಯಾವ ಎರಡು ಗೆರೆಗಳನ್ನು ಎಳೆಯಬೇಕೆಂಬ ಆಯ್ಕೆಯೇ ಒಂದು ರಾಜಕೀಯ ನಿರ್ಣಯವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಸಮಾನತೆಯನ್ನೋ ಬಂಧುತ್ವವನ್ನೋ ಒಂದು ಗೆರೆಯನ್ನಾಗಿ ಮಾಡಿದ್ದರೆ ಶಿಖರದಲ್ಲಿ ನಿಲ್ಲುವವರು ಬೇರೆಯವರಾಗುತ್ತಿದ್ದರು.

ಗೆರೆಗಳ ಮಾತು ಹಾಗಿರಲಿ. ವಾಕ್ಯಗಳ ಮಾತೂ ಅಷ್ಟೇ ತೊಡಕಿನದು. ಒಂದು ಹೇಳಿಕೆಗೆ ಒಪ್ಪಿಗೆಯ ಪ್ರಮಾಣವನ್ನು ಮೆಟ್ಟಿಲುಮೆಟ್ಟಿಲಾಗಿ ಸೂಚಿಸುವ ಪದ್ಧತಿಯನ್ನು 1932ರಲ್ಲಿ ರೆನ್ಸಿಸ್ ಲಿಕರ್ಟ್ ರೂಢಿಗೆ ತಂದ ಕಾಲದಿಂದಲೂ ವಿದ್ವಾಂಸರು ಈ ತೊಡಕನ್ನು ಬಿಡಿಸಲು ಹೆಣಗಿದ್ದಾರೆ. ಪ್ರಜಾಪ್ರಭುತ್ವದ ವಿರುದ್ಧವಾಗಿ ಬಹಿರಂಗ ಭಾಷಣ ಮಾಡುವುದಕ್ಕೆ ಅವಕಾಶ ಕೊಡಬೇಕೆ ಎಂದು ಅಮೆರಿಕದ ಪ್ರಜೆಗಳನ್ನು ಕೇಳಿದಾಗ ಶೇಕಡ 62 ಮಂದಿ ಕೊಡಬಾರದೆಂದರು. ಅಂಥ ಭಾಷಣಗಳನ್ನು ನಿಷೇಧಿಸಬೇಕೆ ಎಂದು ಕೇಳಿದಾಗ ನಿಷೇಧಿಸಬೇಕೆಂದವರು ಶೇಕಡ 46 ಮಾತ್ರ. ಅವಕಾಶ ಕೊಡದಿರುವುದಕ್ಕೂ ನಿಷೇಧಿಸುವುದಕ್ಕೂ ಕಾರ್ಯತಃ ಭೇದವಿಲ್ಲ. ಕಿವಿಗೆ ಬೀಳುವಾಗ ಮಾತ್ರ ಒಂದು ಮೃದು, ಇನ್ನೊಂದು ಕಠಿನ. ಡೊನಾಲ್ಡ್ ರಗ್ 1941ರಲ್ಲಿ ಪ್ರಕಟಿಸಿದ ಈ ಫಲಿತಾಂಶ ಇಂದಿಗೂ ಹಳತಾಗಿಲ್ಲ. ಹಾಗೆಯೇ, 1950ರಲ್ಲಿ ಅಡೋರ್ನೋ ಮತ್ತು ಸಂಗಡಿಗರು ಸರ್ವಾಧಿಕಾರಪ್ರವೃತ್ತಿಯನ್ನು ಅಳೆಯಲು ರಚಿಸಿದ ಸುಪ್ರಸಿದ್ಧ ಮಾಪನದಲ್ಲಿ, ಪ್ರತಿಯೊಂದು ಹೇಳಿಕೆಗೂ ‘ಹೌದು’ ಎಂದರೆ ಸರ್ವಾಧಿಕಾರದ ಕಡೆಗೆ ಅಂಕ ಸೇರುವಂತೆ ವಾಕ್ಯಗಳಿದ್ದವು. ಎಲ್ಲಕ್ಕೂ ತಲೆದೂಗುವ ಸಾಧುಸ್ವಭಾವದವನೂ ಆ ಲೆಕ್ಕದಲ್ಲಿ ಸರ್ವಾಧಿಕಾರದ ಆರಾಧಕನೆನಿಸಿಕೊಳ್ಳುವ ಅಪಾಯವಿತ್ತು. ಪೊಲಿಟಿಕಲ್ ಕಂಪಾಸ್‌ನಲ್ಲಿ ನಾಲ್ಕೇ ಉತ್ತರಗಳು: ಬಲವಾದ ಒಪ್ಪಿಗೆ, ಒಪ್ಪಿಗೆ, ಅಸಮ್ಮತಿ, ಬಲವಾದ ಅಸಮ್ಮತಿ. ಮಧ್ಯದಲ್ಲಿ ನಿಲ್ಲಲು ತಾಣವಿಲ್ಲ. ಈ ವಿಷಯದಲ್ಲಿ ನನಗೆ ಸಾಕಷ್ಟು ತಿಳಿಯದು ಎನ್ನುವವನಿಗೂ, ಸಂದರ್ಭವನ್ನು ನೋಡಿ ಹೇಳಬೇಕು ಎನ್ನುವವನಿಗೂ, ಅಂದರೆ ವಿವೇಕಿಯಾದವನು ಅನೇಕ ಪ್ರಶ್ನೆಗಳಿಗೆ ಕೊಡಬೇಕಾದ ಉತ್ತರಕ್ಕೇ, ಅಲ್ಲಿ ಎಡೆಯಿಲ್ಲ.

ಇದೆಲ್ಲಕ್ಕೂ ಮೂಲದಲ್ಲಿ ಒಂದು ಊಹೆಯುಂಟು: ಪ್ರಶ್ನೆ ಕೇಳುವುದಕ್ಕೆ ಮೊದಲೇ ಉತ್ತರವು ಮನಸ್ಸಿನಲ್ಲಿ ಸಿದ್ಧವಾಗಿ ಕುಳಿತಿರುತ್ತದೆ, ಪ್ರಶ್ನೆ ಅದನ್ನು ಹೊರಕ್ಕೆ ತರುತ್ತದೆಯಷ್ಟೆ ಎಂಬುದು. ಫಿಲಿಪ್ ಕಾನ್ವರ್ಸ್ 1964ರ ತನ್ನ ಪ್ರಬಂಧದಲ್ಲಿ ಈ ಊಹೆಯನ್ನು ಬಲವಾಗಿ ಅಲುಗಿಸಿದನು. ಅದೇ ಜನರನ್ನು ಎರಡೆರಡು ವರ್ಷಗಳ ಅಂತರದಲ್ಲಿ ಅದೇ ಪ್ರಶ್ನೆಗಳನ್ನು ಕೇಳಿದಾಗ, ಬಹುಮಂದಿಯ ಉತ್ತರಗಳು ಯಾವ ಕಾರಣವೂ ಕಾಣದೆ ಅತ್ತಿಂದಿತ್ತ ಹೊಯ್ದಾಡುತ್ತಿದ್ದುವು. ಕೇಳಿದರೆಂಬ ದಾಕ್ಷಿಣ್ಯಕ್ಕಾಗಿ ಆ ಕ್ಷಣದಲ್ಲಿ ಹುಟ್ಟಿಸಿ ಕೊಟ್ಟ ಉತ್ತರಕ್ಕೂ, ವರ್ಷಗಟ್ಟಲೆ ಮನನ ಮಾಡಿ ತಳೆದ ನಿಲುವಿಗೂ, ಚುಕ್ಕೆಯನ್ನು ಇಡುವ ಯಂತ್ರವು ಭೇದವೆಣಿಸುವುದಿಲ್ಲ.

ನಮ್ಮ ದೇಶದವನು ಈ ಚೌಕದೊಳಕ್ಕೆ ಕಾಲಿಟ್ಟಾಗ ಇನ್ನೊಂದು ತೊಡಕು ತಲೆದೋರುತ್ತದೆ. ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ 2018ರ ತಮ್ಮ ಗ್ರಂಥದಲ್ಲಿ, ಭಾರತದ ರಾಜಕೀಯದಲ್ಲಿ ತತ್ತ್ವಭೇದವಿಲ್ಲವೆಂಬ ರೂಢಿಯ ಮಾತನ್ನು ಅಲ್ಲಗಳೆದು, ಇಲ್ಲಿಯ ಭೇದಗಳು ಬೇರೆ ಎರಡು ಪ್ರಶ್ನೆಗಳ ಸುತ್ತ ಇವೆಯೆಂದು ವಾದಿಸುತ್ತಾರೆ: ಸಮಾಜದ ಕಟ್ಟುಕಟ್ಟಳೆಗಳಲ್ಲಿ ಸರ್ಕಾರವು ಎಷ್ಟರಮಟ್ಟಿಗೆ ಕೈಹಾಕಬೇಕು ಎಂಬುದೊಂದು; ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ವಿಶೇಷ ಮನ್ನಣೆ ಸಲ್ಲಬೇಕೆ ಎಂಬುದು ಇನ್ನೊಂದು. ಕರ್ನಾಟಕದ ನಿದರ್ಶನವೊಂದನ್ನೇ ನೋಡಬಹುದು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯ ಕಾಯಿದೆಯಂತೆ, ತಾನು ಗೇಣಿಗೆ ಮಾಡುತ್ತಿದ್ದ ಜಮೀನಿಗಾಗಿ ‘ಡಿಕ್ಲರೇಷನ್’ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಉಳುವವನೇ ಹೊಲದೊಡೆಯನೆಂಬ ಮಾತನ್ನು ತನ್ನ ಪಾಲಿಗೆ ದಿಟಮಾಡಿಕೊಂಡ ಒಕ್ಕಲಿನವನನ್ನು ಪೊಲಿಟಿಕಲ್ ಕಂಪಾಸ್ ಎಲ್ಲಿ ನಿಲ್ಲಿಸೀತು? ಧಣಿಯ ಸ್ವತ್ತಿನಲ್ಲಿ ಸರ್ಕಾರವು ಕೈಹಾಕಿದುದನ್ನು ಅವನು ಮನಸಾರೆ ಮೆಚ್ಚಿದನು, ಆದುದರಿಂದ ಎಡ. ಕೈಹಾಕಿ ದೊರಕಿಸಿದ ನೆಲವನ್ನು ಸಮಷ್ಟಿಯ ಸ್ವತ್ತೆನ್ನಲು ಅವನು ಎಂದೂ ಒಪ್ಪಲಾರನು, ಪಹಣಿಯಲ್ಲಿ ತನ್ನ ಹೆಸರೇ ಇರಬೇಕು, ಆದುದರಿಂದ ಬಲ. ಎರಡನ್ನೂ ಕೂಡಿಸಿ ಭಾಗಿಸಿದರೆ ಅವನು ಯಾವ ದೃಢಮತವೂ ಇಲ್ಲದ ಮಧ್ಯಮಮಾರ್ಗಿಯೆಂದಾಗುತ್ತದೆ; ಅವನ ಮತವಾದರೋ ಅತ್ಯಂತ ದೃಢವಾದುದು, ಅದಕ್ಕೊಂದು ಸುಸಂಗತವಾದ ತರ್ಕವೂ ಉಂಟು. ಚುಕ್ಕೆಯು ತಪ್ಪಿದ್ದು ಅವನ ಗೊಂದಲದಿಂದಲ್ಲ, ಗೆರೆಗಳು ಅವನ ಅನುಭವವನ್ನು ಎಣಿಸದೆ ಎಳೆಯಲ್ಪಟ್ಟುವಾದ್ದರಿಂದ.

ಆದರೂ ನಿಲುವನ್ನು ಕೇಳುವ ಪ್ರಶ್ನಾವಳಿಗಳೆಲ್ಲ ವ್ಯರ್ಥವೆನ್ನಲಾಗದು. ಜರ್ಮನಿಯಲ್ಲಿ ಸರ್ಕಾರದ ರಾಜಕೀಯ ಶಿಕ್ಷಣ ಸಂಸ್ಥೆಯು 2002ರಿಂದ ನಡೆಸುತ್ತಿರುವ ‘ವಾಲ್-ಓ-ಮಾಟ್’ ಎಂಬುದು 38 ಹೇಳಿಕೆಗಳನ್ನು ಮತದಾರನ ಮುಂದಿಡುತ್ತದೆ. ಅವೇ ಹೇಳಿಕೆಗಳಿಗೆ ಪಕ್ಷಗಳು ತಾವೇ ಕೊಟ್ಟ ಉತ್ತರಗಳೊಡನೆ ಅವನ ಉತ್ತರಗಳನ್ನು ಹೋಲಿಸಿ ತೋರಿಸುತ್ತದೆ. ತಟಸ್ಥನಾಗಿರಲೂ, ಒಂದು ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗಲೂ, ತನಗೆ ಮುಖ್ಯವೆಂದು ತೋರಿದುದಕ್ಕೆ ಇಮ್ಮಡಿ ಬೆಲೆಕೊಡಲೂ ಅಲ್ಲಿ ಅವಕಾಶವುಂಟು. ಅವನ ಅಂತರಂಗವನ್ನು ಬಲ್ಲೆನೆಂದು ಅದು ಹೇಳಿಕೊಳ್ಳುವುದಿಲ್ಲ. ಇಷ್ಟು ವಿನಯವುಳ್ಳ ಸಾಧನವೂ ಆಕ್ಷೇಪಣೆಗೆ ಹೊರತಾಗಲಿಲ್ಲ: ಒಮ್ಮೆಗೆ ಎಂಟು ಪಕ್ಷಗಳನ್ನು ಮಾತ್ರ ಹೋಲಿಸಬಹುದೆಂಬ ಏರ್ಪಾಡಿನಿಂದ ಸಣ್ಣ ಪಕ್ಷಗಳಿಗೆ ಅನ್ಯಾಯವಾಗುತ್ತದೆಂದು ‘ವೋಲ್ಟ್’ ಎಂಬ ಪಕ್ಷವು ದೂರಿಕೊಂಡಾಗ, 2019ರ ಯೂರೋಪ್ ಚುನಾವಣೆಗೆ ಕೆಲವೇ ದಿನಗಳಿರುವಂತೆ ಕಲೋನ್ ನಗರದ ನ್ಯಾಯಾಲಯವು ಅದನ್ನು ತಡೆಹಿಡಿಯಿತು, ಉಭಯರೂ ರಾಜಿಯಾದ ಮೇಲೆ ಅದು ಪುನಃ ತೆರೆಯಿತು. ಪ್ರಶ್ನೆಗಳಲ್ಲಿ ದೋಷವಿಲ್ಲದಿದ್ದರೂ ಫಲವನ್ನು ಜೋಡಿಸಿ ತೋರಿಸುವ ರೀತಿಯಲ್ಲಿಯೇ ಪಕ್ಷಪಾತ ನುಸುಳಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ.

ಎರಡನೆಯದು ತರ್ಕಶಕ್ತಿಯ ಪರೀಕ್ಷೆ. ಇಲ್ಲಿ ನೆಲ ಹೆಚ್ಚು ಗಟ್ಟಿಯಾದುದು, ಏಕೆಂದರೆ ಇಲ್ಲಿಯ ಪ್ರಶ್ನೆಗಳಿಗೆ ಸರಿಯುತ್ತರವೊಂದಿದೆ. 2005ರಲ್ಲಿ ಶೇನ್ ಫ್ರೆಡರಿಕ್ ಪ್ರಕಟಿಸಿದ ಮೂರೇ ಪ್ರಶ್ನೆಗಳ ಪರೀಕ್ಷೆಯೊಂದು ಜಗತ್ಪ್ರಸಿದ್ಧವಾಗಿದೆ. ಅದರ ಮೊದಲನೆಯದು ಹೀಗೆ: ಒಂದು ಬ್ಯಾಟು ಒಂದು ಚೆಂಡು ಸೇರಿ ಬೆಲೆ 1 ಡಾಲರ್ 10 ಸೆಂಟ್, ಚೆಂಡಿಗಿಂತ ಬ್ಯಾಟಿಗೆ ಒಂದು ಡಾಲರ್ ಹೆಚ್ಚು, ಹಾಗಾದರೆ ಚೆಂಡಿನ ಬೆಲೆಯೆಷ್ಟು? ಹತ್ತು ಸೆಂಟ್ ಎಂದು ನಾಲಗೆಯ ತುದಿಗೆ ಬರುತ್ತದೆ. ಒಂದು ಕ್ಷಣ ತಡೆದು ನೋಡಿದರೆ, ಚೆಂಡಿಗೆ ಹತ್ತಾದರೆ ಬ್ಯಾಟಿಗೆ ಒಂದು ಡಾಲರ್ ಹತ್ತಾಗಿ, ಎರಡೂ ಸೇರಿ ಒಂದು ಡಾಲರ್ ಇಪ್ಪತ್ತಾಗುವುದೆಂದು ತಿಳಿಯುತ್ತದೆ. ಸರಿಯಾದ ಉತ್ತರ ಐದು. ಲೆಕ್ಕ ಕಠಿನವಲ್ಲ, ಮೊದಲು ಹೊಳೆದುದನ್ನು ಸಂಶಯಿಸುವ ಅಭ್ಯಾಸವೇ ಇಲ್ಲಿ ಬೇಕಾದುದು. ಫ್ರೆಡರಿಕ್ ಪರೀಕ್ಷಿಸಿದ 3,428 ಮಂದಿಯಲ್ಲಿ, ಅವರಲ್ಲಿ ಹೆಚ್ಚಿನವರು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳೇ ಆಗಿದ್ದರೂ, ಮೂರನ್ನೂ ಸರಿಯಾಗಿ ಮಾಡಿದವರು ಶೇಕಡ 17, ಒಂದನ್ನೂ ಸರಿಯಾಗಿ ಮಾಡದವರು ಶೇಕಡ 33.

ಇಂತಹ ಪರೀಕ್ಷೆಯ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಮಿತಿಗಳನ್ನು ನೆನಪಿಡಬೇಕು. ಅಂತರ್ಜಾಲದಲ್ಲಿ ಬ್ಯಾಟು ಚೆಂಡುಗಳ ಪ್ರಶ್ನೆ ಎಷ್ಟು ಹರಡಿದೆಯೆಂದರೆ, ಇಂದು ಅದಕ್ಕೆ ಬರುವ ಸರಿಯುತ್ತರವು ವಿಚಾರದ ಫಲವೋ ಸ್ಮರಣೆಯ ಫಲವೋ ಹೇಳಬರುವಂತಿಲ್ಲ. ಇದು ಮೊದಲನೆಯ ಮಿತಿ. ಎರಡನೆಯದು ಇನ್ನೂ ಆಳವಾದುದು. ಚೆಂಡಿನ ಬೆಲೆ ಐದೋ ಹತ್ತೋ ಆಗುವುದರಿಂದ ನಮಗೆ ನೋವೂ ಇಲ್ಲ, ಮಾನಹಾನಿಯೂ ಇಲ್ಲ. ಉತ್ತರದೊಡನೆ ನಮ್ಮ ಜಾತಿ, ಧರ್ಮ, ಪಕ್ಷ, ಬಂಧುಬಳಗ ಯಾವುದೂ ತಳುಕು ಹಾಕಿಕೊಂಡಿಲ್ಲ. ಬುದ್ಧಿಮತ್ತೆ ಬೇರೆ, ವೈಚಾರಿಕತೆ ಬೇರೆ ಎಂದು ಜೀವಮಾನವೆಲ್ಲ ಸಾಧಿಸಿದ ಕೀತ್ ಸ್ಟಾನೋವಿಚ್, ತನ್ನ ಸಹೋದ್ಯೋಗಿಗಳಾದ ವೆಸ್ಟ್ ಮತ್ತು ಟೊಪ್ಲಾಕ್ ಅವರೊಡನೆ ಸೇರಿ, 2016ರಲ್ಲಿ ವೈಚಾರಿಕತೆಯ ಸಮಗ್ರ ಪರೀಕ್ಷೆಯೊಂದನ್ನು ಗ್ರಂಥರೂಪದಲ್ಲಿ ಮುಂದಿಟ್ಟನು. ಅದನ್ನು ಪೂರೈಸಲು ಗಂಟೆಗಳೇ ಬೇಕು. ವೈಚಾರಿಕತೆಯು ಸಂಭಾವ್ಯತೆಯ ಜ್ಞಾನ, ಸಾಕ್ಷ್ಯಗಳನ್ನು ತೂಗುವ ಸಾಮರ್ಥ್ಯ, ಆತುರದ ಸಂಯಮ ಮೊದಲಾದ ಅನೇಕ ಗುಣಗಳ ಸಮುದಾಯವೆಂದು ತಿಳಿದವನಿಗೆ ಹತ್ತು ನಿಮಿಷಗಳ ಅಳತೆ ಸಾಲಲಿಲ್ಲ. ಅದೇ ಸ್ಟಾನೋವಿಚ್ 2021ರ ತನ್ನ ಗ್ರಂಥದಲ್ಲಿ ಒತ್ತಿ ಹೇಳುವ ಸಂಗತಿಯೊಂದುಂಟು: ತನ್ನ ಪಕ್ಷಕ್ಕೆ ಅನುಕೂಲವಾಗಿ ಸಾಕ್ಷ್ಯವನ್ನು ಅರ್ಥಮಾಡಿಕೊಳ್ಳುವ ದೋಷಕ್ಕೂ ಬುದ್ಧಿಮತ್ತೆಗೂ ಹೇಳಿಕೊಳ್ಳುವಂಥ ಸಂಬಂಧವೇ ಇಲ್ಲ. ಬೇರೆ ದೋಷಗಳು ಬುದ್ಧಿ ಹೆಚ್ಚಿದಂತೆ ಬಹುಮಟ್ಟಿಗೆ ಕಡಮೆಯಾಗುತ್ತವೆ. ಇದು ಮಾತ್ರ ಹಾಗಲ್ಲ.

ಇಲ್ಲಿಂದ ನಾವು ಮೂರನೆಯ ಪ್ರಶ್ನೆಗೆ, ಎಂದರೆ ವಿಷಯದ ಹೃದಯಕ್ಕೆ ಬರುತ್ತೇವೆ. ಡ್ಯಾನ್ ಕಹಾನ್ ಮತ್ತು ಸಂಗಡಿಗರು 1,111 ಮಂದಿ ಅಮೆರಿಕನ್ನರ ಮೇಲೆ ನಡೆಸಿದ ಪ್ರಯೋಗವನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಚರ್ಮದ ಮೇಲೆದ್ದ ಗಂಧೆಗೆ ಹಚ್ಚುವ ಹೊಸ ಮುಲಾಮೊಂದರ ಪರೀಕ್ಷೆಯೆಂದು ಹೇಳಿ ನಾಲ್ಕು ಸಂಖ್ಯೆಗಳನ್ನು ಕೊಟ್ಟರು. ಮುಲಾಮು ಹಚ್ಚಿಕೊಂಡವರಲ್ಲಿ 223 ಮಂದಿಗೆ ಗುಣವಾಯಿತು, 75 ಮಂದಿಗೆ ಉಲ್ಬಣಿಸಿತು. ಹಚ್ಚಿಕೊಳ್ಳದವರಲ್ಲಿ 107 ಮಂದಿಗೆ ಗುಣವಾಯಿತು, 21 ಮಂದಿಗೆ ಉಲ್ಬಣಿಸಿತು. 223 ದೊಡ್ಡ ಸಂಖ್ಯೆ. ಆದುದರಿಂದ ಮುಲಾಮು ಒಳ್ಳೆಯದೆಂದು ಮನಸ್ಸು ಜಾರುತ್ತದೆ. ಪ್ರಮಾಣವನ್ನು ಲೆಕ್ಕಹಾಕಿದರೆ, ಹಚ್ಚಿಕೊಂಡವರಲ್ಲಿ ಗುಣವಾದದ್ದು ನೂರಕ್ಕೆ ಸುಮಾರು 75 ಮಂದಿಗೆ, ಹಚ್ಚಿಕೊಳ್ಳದವರಲ್ಲಿ ಸುಮಾರು 84 ಮಂದಿಗೆ. ಮುಲಾಮಿನಿಂದ ಕೇಡೇ ಆಗಿದೆ. ಲೆಕ್ಕ ಬಲ್ಲವರು ಇದನ್ನು ಹೆಚ್ಚಾಗಿ ಸರಿಯಾಗಿ ಕಂಡರು. ಬೇರೆ ಗುಂಪುಗಳಿಗೆ ಇವೇ ನಾಲ್ಕು ಸಂಖ್ಯೆಗಳನ್ನು ಕೊಟ್ಟು, ತಲೆಬರಹವನ್ನು ಮಾತ್ರ ಬದಲಿಸಿದರು: ಬಚ್ಚಿಟ್ಟ ಪಿಸ್ತೂಲನ್ನು ಸಾರ್ವಜನಿಕ ಸ್ಥಳಗಳಲ್ಲಿ ಒಯ್ಯಬಾರದೆಂದು ನಿಷೇಧಿಸಿದ ನಗರಗಳು, ನಿಷೇಧಿಸದ ನಗರಗಳು, ಅಪರಾಧ ಇಳಿಯಿತೋ ಏರಿತೋ. ಆಗ ಸಂಖ್ಯೆಗಳು ತಮ್ಮ ಪಕ್ಷದ ನಂಬಿಕೆಗೆ ಅನುಕೂಲವಾಗಿದ್ದಲ್ಲಿ ಲೆಕ್ಕ ಬಲ್ಲವರು ಚೆನ್ನಾಗಿ ಲೆಕ್ಕ ಮಾಡಿದರು; ಪ್ರತಿಕೂಲವಾಗಿದ್ದಲ್ಲಿ ಅವರ ಲೆಕ್ಕ ತಪ್ಪಿತು; ಎರಡು ಪಕ್ಷಗಳ ನಡುವಿನ ಕಂದಕವು ಲೆಕ್ಕ ತಿಳಿಯದವರಲ್ಲಿಗಿಂತ ತಿಳಿದವರಲ್ಲಿಯೇ ಅಗಲವಾಗಿ ಕಂಡಿತು. ಅನಂತರದ ಮರುಪ್ರಯೋಗಗಳೆಲ್ಲವೂ ಈ ಕಡೆಯ ಅಂಶವನ್ನು ಸಮಾನವಾಗಿ ಸಮರ್ಥಿಸಿಲ್ಲವೆಂಬುದನ್ನೂ ಹೇಳಲೇಬೇಕು. ಆದರೆ ನಮ್ಮ ಪ್ರಕೃತ ವಿಚಾರಕ್ಕೆ ಮುಖ್ಯವಾದುದು ಫಲಕ್ಕಿಂತ ವಿಧಾನ.

ಆ ವಿಧಾನದಲ್ಲಿ ಯಾವ ಒಬ್ಬ ವ್ಯಕ್ತಿಯೂ ಪಕ್ಷಪಾತಿಯೆಂದು ಸಿದ್ಧವಾಗಲಿಲ್ಲ. ಪಿಸ್ತೂಲಿನ ಪ್ರಶ್ನೆಗೆ ತಪ್ಪುತ್ತರ ಕೊಟ್ಟವನು ಮುಲಾಮಿನ ಪ್ರಶ್ನೆಗೂ ತಪ್ಪುತ್ತರವನ್ನೇ ಕೊಡುತ್ತಿದ್ದನೋ ಏನೋ. ಅವನಿಗೆ ಮುಲಾಮಿನ ಪ್ರಶ್ನೆಯನ್ನು ಕೊಡಲೇ ಇಲ್ಲ. ಎರಡನ್ನೂ ಅವನ ಕೈಗೇ ಕೊಟ್ಟರೆ, ಮೊದಲನೆಯದನ್ನು ಬಿಡಿಸಿದ ಜಾಣ್ಮೆ ಎರಡನೆಯದಕ್ಕೆ ಒದಗಿ, ಪರೀಕ್ಷೆಯೇ ಕೆಡುತ್ತದೆ. ಗುಂಪು ಗುಂಪಿಗೆ ಇರುವ ಅಂತರದಲ್ಲಿ ಪಕ್ಷಪಾತವು ಗೋಚರವಾಯಿತೇ ಹೊರತು ಯಾವೊಬ್ಬನ ಉತ್ತರಪತ್ರಿಕೆಯಲ್ಲಿಯೂ ಅಲ್ಲ. ಜಿಲ್ಲೆಯ ಸರಾಸರಿ ಮಳೆಯನ್ನು ನಿಖರವಾಗಿ ಬಲ್ಲವನೂ ನಿನ್ನೆ ಈ ಒಂದು ಗದ್ದೆಗೆ ಮಳೆ ಬಿತ್ತೆ ಎಂದು ಕೇಳಿದರೆ ಉತ್ತರಿಸಲಾರನು. ಪ್ರಯೋಗಶಾಲೆಯಲ್ಲಿ ಸಮುದಾಯವನ್ನು ಕುರಿತು ಸಿದ್ಧವಾದ ಜ್ಞಾನವನ್ನು, ತೆರೆಯ ಮುಂದೆ ಒಂಟಿಯಾಗಿ ಕುಳಿತವನ ಹಣೆಗೆ ಅಂಕವಾಗಿ ಅಂಟಿಸುವುದೇ ಆನ್‌ಲೈನ್ ಕ್ವಿಜ್‌ನ ಮೂಲಭೂತವಾದ ತರ್ಕದೋಷ.

ಇದನ್ನು ತಪ್ಪಿಸಿಕೊಳ್ಳಲು ಕೆಲವರು ಇನ್ನೊಂದು ಉಪಾಯವನ್ನು ಹೂಡುತ್ತಾರೆ. ಮೊದಲು ನಮ್ಮ ರಾಜಕೀಯವನ್ನು ಕೇಳಿಕೊಂಡು, ಅನಂತರ ವಸ್ತುಸ್ಥಿತಿಯ ಪ್ರಶ್ನೆಗಳನ್ನು ಒಡ್ಡುತ್ತಾರೆ. ಕೆಲವದರ ಸರಿಯುತ್ತರ ಎಡಪಂಥೀಯನಿಗೆ ಅಪ್ರಿಯ, ಕೆಲವದರದು ಬಲಪಂಥೀಯನಿಗೆ ಅಪ್ರಿಯ. ನಮ್ಮ ತಪ್ಪುಗಳೆಲ್ಲ ನಮ್ಮ ಮತಕ್ಕೆ ಹಿತವಾದ ಕಡೆಗೇ ವಾಲಿದ್ದರೆ ನಾವು ಪಕ್ಷಪಾತಿಗಳು. ಉಪಾಯವು ಚತುರವಾದುದೇ. ಆದರೆ ತಪ್ಪು ವಾಲುವುದಕ್ಕೆ ಪಕ್ಷಪಾತವೊಂದೇ ಕಾರಣವೆಂದು ಹೇಗೆ ಹೇಳುವುದು? ಹುಟ್ಟಿನಿಂದ ಒಂದೇ ಬಗೆಯ ಪತ್ರಿಕೆ ಬರುವ ಮನೆಯಲ್ಲಿ ಬೆಳೆದವನು, ತನಗೆ ದೊರೆತ ಮಾಹಿತಿಯಿಂದ ನಿರ್ದುಷ್ಟವಾಗಿ ತರ್ಕಿಸಿಯೂ ಒಂದೇ ಕಡೆಗೆ ವಾಲಿದ ತಪ್ಪುಗಳನ್ನು ಮಾಡಬಹುದು. ಅವನದು ಅಜ್ಞಾನ, ಅಪ್ರಾಮಾಣಿಕತೆಯಲ್ಲ. ಇನ್ನೊಬ್ಬನು ಸತ್ಯವನ್ನು ಬಲ್ಲನಾದರೂ ತನ್ನ ಪಕ್ಷದ ಮಾನವನ್ನು ಬಿಟ್ಟುಕೊಡಲಾರದೆ ಬೇಕೆಂದೇ ತಪ್ಪುತ್ತರ ಕೊಡಬಹುದು. ಇದು ಬರಿಯ ಊಹೆಯಲ್ಲ: 2015ರಲ್ಲಿ ಬುಲಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯುತ್ತರಕ್ಕೆ ಅಲ್ಪ ಹಣವನ್ನು ಕೊಡುತ್ತೇವೆಂದು ಹೇಳಿದ ಮಾತ್ರಕ್ಕೆ, ಅಮೆರಿಕದ ಎರಡು ಪಕ್ಷಗಳವರ ಉತ್ತರಗಳ ನಡುವಿದ್ದ ಅಂತರ ಅರ್ಧಕ್ಕಿಂತ ಹೆಚ್ಚಾಗಿ ಕುಗ್ಗಿಹೋಯಿತು. ಹಣವಿಲ್ಲದಿದ್ದಾಗ ಅವರು ಕೊಡುತ್ತಿದ್ದುದು ಉತ್ತರವನ್ನಲ್ಲ, ಜಯಘೋಷವನ್ನು. ಅಜ್ಞಾನ, ಜಯಘೋಷ, ನಿಜವಾದ ಪಕ್ಷಪಾತ—ಮೂರಕ್ಕೂ ಉತ್ತರಪತ್ರಿಕೆಯಲ್ಲಿ ಒಂದೇ ರೂಪ.

ಏಕೆ ಹೀಗೆ? ಏಕೆಂದರೆ ಪಕ್ಷಪಾತವೆಂಬುದು ಅಭಿಪ್ರಾಯದ ಗುಣವಲ್ಲ; ಸಾಕ್ಷ್ಯಕ್ಕೂ ಅಭಿಪ್ರಾಯಕ್ಕೂ ನಡುವಣ ಸಂಬಂಧದ ಗುಣ. ಸರಿಯಾದ ಅಭಿಪ್ರಾಯವನ್ನು ಪಕ್ಷಪಾತದಿಂದಲೇ ಹಿಡಿದುಕೊಂಡಿರುವವರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಪ್ರಾಮಾಣಿಕವಾಗಿ ಯೋಚಿಸಿಯೇ ತಪ್ಪಿಗೆ ಬಿದ್ದವರೂ ಇದ್ದಾರೆ. ಹೊಸ ಸಾಕ್ಷ್ಯ ಬಂದಾಗ ಅಭಿಪ್ರಾಯವು ಚಲಿಸುತ್ತದೆಯೆ, ಚಲಿಸಿದರೆ ಅನುಕೂಲ ಸಾಕ್ಷ್ಯಕ್ಕೂ ಪ್ರತಿಕೂಲ ಸಾಕ್ಷ್ಯಕ್ಕೂ ಸಮನಾಗಿ ಚಲಿಸುತ್ತದೆಯೆ ಎಂಬುದರಲ್ಲಿ ಅದರ ಪರೀಕ್ಷೆ. ಒಮ್ಮೆ ಕುಳಿತು ಮುಗಿಸುವ ಪ್ರಶ್ನಾವಳಿಯು ಅಭಿಪ್ರಾಯವನ್ನು ನಿಂತಲ್ಲಿ ನೋಡುತ್ತದೆ, ಚಲನೆಯನ್ನು ನೋಡುವುದಿಲ್ಲ. ನೀವು ನಿಮ್ಮ ಅಭಿಪ್ರಾಯವನ್ನು ಸುಲಭವಾಗಿ ಬದಲಿಸಬಲ್ಲಿರಾ ಎಂದು ನಮ್ಮನ್ನೇ ಕೇಳಿ ಬರೆದುಕೊಳ್ಳುವುದಂತೂ ಉಪಯೋಗವಿಲ್ಲದ ಕೆಲಸ. ಎಮಿಲಿ ಪ್ರೋನಿನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ಇತರರಲ್ಲಿ ಪಕ್ಷಪಾತವನ್ನು ಧಾರಾಳವಾಗಿ ಕಾಣುವ ನಾವು ನಮ್ಮಲ್ಲಿ ಅದನ್ನು ಅಷ್ಟಾಗಿ ಕಾಣೆವು. 2012ರಲ್ಲಿ ವೆಸ್ಟ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಬುದ್ಧಿವಂತಿಕೆಯು ಈ ಕುರುಡನ್ನು ಕಡಮೆಮಾಡುವುದಿಲ್ಲವೆಂದು ಕಂಡುಬಂದಿತು.

ಇಷ್ಟೆಲ್ಲ ಕೊರತೆಗಳಿದ್ದರೂ ಫಲಿತಾಂಶವು ನಮಗೆ ನಿಜವೆಂದು ತೋರುವುದೇಕೆ? ಬರ್ಟ್ರಾಮ್ ಫೋರರ್ ಎಂಬ ಅಧ್ಯಾಪಕನು 1949ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಉತ್ತರವುಂಟು. ಅವನು 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಒಬ್ಬೊಬ್ಬರ ಸ್ವಭಾವವರ್ಣನೆಯೆಂದು ಒಂದೊಂದು ಹಾಳೆಯನ್ನು ಹಂಚಿದನು. ಅದು ತಮಗೆ ಎಷ್ಟು ಹೊಂದುತ್ತದೆಂದು ಐದಕ್ಕೆ ಅಂಕ ಕೊಡುವಂತೆ ಕೇಳಿದಾಗ ಬಂದ ಸರಾಸರಿ 4.26. ಎಲ್ಲರ ಹಾಳೆಯಲ್ಲಿದ್ದುದೂ ಒಂದೇ ವರ್ಣನೆ, ಅದರ ವಾಕ್ಯಗಳು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಬಹುಪಾಲು ಆಯ್ದವು. ‘ನೀವು ಸ್ವತಂತ್ರವಾಗಿ ಆಲೋಚಿಸುವವರು, ಆದರೆ ಇತರರ ಮಾತನ್ನು ಕಡೆಗಣಿಸುವವರಲ್ಲ’ ಎಂಬ ಧಾಟಿಯ ಮಾತು ಯಾರಿಗೆ ತಾನೆ ಒಪ್ಪದು? ಹೊಂದುತ್ತದೆಂದು ನಮಗೆ ತೋರುವುದು ಪರೀಕ್ಷೆಯ ಸತ್ಯಕ್ಕೆ ಪ್ರಮಾಣವಲ್ಲ.

ಇನ್ನು, ಲಕ್ಷಾಂತರ ಜನ ಉತ್ತರಿಸಿದ್ದಾರೆ, ಆದುದರಿಂದ ಫಲಕ್ಕೆ ಬಲವುಂಟು ಎಂಬ ವಾದ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಸುಮಾರು ಒಂದು ಕೋಟಿ ಮಂದಿಗೆ ಪತ್ರ ಬರೆದು, 23 ಲಕ್ಷದಷ್ಟು ಉತ್ತರಗಳನ್ನು ಎಣಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಲಾಂಡನ್ ಎಂಬ ಅಭ್ಯರ್ಥಿ ಗೆಲ್ಲುವನೆಂದು ಸಾರಿತು. 48 ಸಂಸ್ಥಾನಗಳಲ್ಲಿ 46ನ್ನು ಗೆದ್ದವನು ರೂಸ್‌ವೆಲ್ಟ್. ತಾವಾಗಿ ಮುಂದೆ ಬಂದವರ ಸಂಖ್ಯೆ ಎಷ್ಟೇ ದೊಡ್ಡದಾದರೂ ಅವರು ಜನತೆಯ ಪ್ರತಿಬಿಂಬವಾಗುವುದಿಲ್ಲ. ಕ್ವಿಜ್‌ಗಳಿಗೆ ಉತ್ತರಿಸುವವರೆಲ್ಲ ತಾವಾಗಿ ಮುಂದೆ ಬಂದವರೇ. ಮೇಲಾಗಿ, ಅಳೆಯುವ ಈ ವ್ಯವಹಾರದಲ್ಲಿ ಯಾರು ಯಾರನ್ನು ಅಳೆಯುತ್ತಿದ್ದಾರೆಂಬುದೂ ಯಾವಾಗಲೂ ಸ್ಪಷ್ಟವಿಲ್ಲ. ಫೇಸ್‌ಬುಕ್ ಬಳಕೆದಾರರ ಮಾಹಿತಿ ಸೋರಿದ ಕೇಂಬ್ರಿಜ್ ಅನಲಿಟಿಕಾ ಸಂಸ್ಥೆಯ ಹಗರಣವು 2018ರಲ್ಲಿ ಬಯಲಾದಾಗ, ಅದರ ಮೂಲದಲ್ಲಿದ್ದುದು ವ್ಯಕ್ತಿತ್ವವನ್ನು ತಿಳಿಸುವ ಒಂದು ಕ್ವಿಜ್ ಎಂದು ಜಗತ್ತಿಗೆ ತಿಳಿಯಿತು. ಫೇಸ್‌ಬುಕ್ ಆಗ ಕೊಟ್ಟ ಲೆಕ್ಕದಂತೆ, ಭಾರತದಲ್ಲಿ ಅದನ್ನು ಹಾಕಿಕೊಂಡವರು 335 ಮಂದಿ ಮಾತ್ರ. ಅವರ ಸ್ನೇಹಬಳಗದ ಮೂಲಕ ಯಾರ ಮಾಹಿತಿ ಸೋರಿರಬಹುದೋ ಅವರನ್ನೂ ಸೇರಿಸಿದರೆ ಸಂಖ್ಯೆ 5,62,455.

ಹಾಗಾದರೆ ವಿವೇಕವನ್ನು ಅಳೆಯುವ ಪ್ರಯತ್ನವೇ ವ್ಯರ್ಥವೋ ಎಂದು ಕೇಳಬಹುದು. ವೈದ್ಯನ ಯಾವ ಪರೀಕ್ಷೆಯೂ ಪರಿಪೂರ್ಣವಲ್ಲ, ಅಷ್ಟರಿಂದಲೇ ಅದನ್ನು ತ್ಯಜಿಸುತ್ತೇವೆಯೇ ಎಂಬ ಆಕ್ಷೇಪವೂ ಬರಬಹುದು. ಆಕ್ಷೇಪದಲ್ಲಿ ಹುರುಳುಂಟು. ಸಮುದಾಯಗಳ ಅಧ್ಯಯನಕ್ಕೆ ಈ ಸಾಧನಗಳು ಅನಿವಾರ್ಯ; 51 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಡಿಟ್ಟೋ ಮತ್ತು ಸಂಗಡಿಗರು, ಪಕ್ಷಪಾತವು ಅಮೆರಿಕದ ಉದಾರವಾದಿಗಳಲ್ಲಿಯೂ ಸಂಪ್ರದಾಯವಾದಿಗಳಲ್ಲಿಯೂ ಹೆಚ್ಚುಕಡಮೆ ಸಮನಾಗಿದೆಯೆಂದು ಹೇಳಿದುದು, ಅದನ್ನು ಇತರ ವಿದ್ವಾಂಸರು ಒಪ್ಪದೆ ವಾದಿಸಿದುದು, ಇವೆಲ್ಲ ಇಂಥ ಸಾಧನಗಳಿಲ್ಲದೆ ಸಾಧ್ಯವಾಗುತ್ತಿರಲಿಲ್ಲ. ನಮ್ಮ ಬುದ್ಧಿ ಎಲ್ಲಿ ಎಡವುತ್ತದೆಂದು ಕಲಿಸುವ ಪಾಠವಾಗಿಯೂ ಕ್ವಿಜ್ ಯೋಗ್ಯವಾದುದೇ. ಬ್ಯಾಟು ಚೆಂಡಿನಲ್ಲಿ ಒಮ್ಮೆ ಎಡವಿದವನು ಇನ್ನೊಮ್ಮೆ ತಡೆದು ಯೋಚಿಸಿಯಾನು. ನಾನು ಒಪ್ಪದಿರುವುದು ಪಾಠವನ್ನು ಪದಕವನ್ನಾಗಿ ಮಾಡುವುದನ್ನು.

ವ್ಯಕ್ತಿಯ ವಿವೇಕಕ್ಕೂ ಅಳತೆಗಳುಂಟು. ಅವು ಕಾಲವನ್ನು ಬೇಡುತ್ತವೆ, ಎದುರಾಳಿಯನ್ನೂ ಬೇಡುತ್ತವೆ. ನಾಳೆ ಮಳೆಯಾಗುವ ಸಂಭವ ನೂರಕ್ಕೆ ಎಷ್ಟೆಂದು ಹೇಳುವ ಹವಾಮಾನತಜ್ಞರ ನುಡಿಗಳನ್ನು, ಆಮೇಲೆ ನಡೆದುದರೊಡನೆ ತಾಳೆನೋಡಿ ಅಂಕಕೊಡುವ ಕ್ರಮವನ್ನು ಗ್ಲೆನ್ ಬ್ರೈಯರ್ 1950ರಲ್ಲಿ ರೂಪಿಸಿದನು. ಅಂಥ ಕ್ರಮವನ್ನೇ ರಾಜಕೀಯಕ್ಕೆ ಅನ್ವಯಿಸಿ, 284 ಮಂದಿ ತಜ್ಞರ ಭವಿಷ್ಯವಾಣಿಗಳನ್ನು ಸುಮಾರು ಎರಡು ದಶಕ ಸಂಗ್ರಹಿಸಿ, ಫಿಲಿಪ್ ಟೆಟ್ಲಾಕ್ 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದೇ ಮಹಾಸಿದ್ಧಾಂತಕ್ಕೆ ಅಂಟಿಕೊಂಡವರಿಗಿಂತ, ಹಲವು ಮೂಲಗಳಿಂದ ಅಷ್ಟಷ್ಟು ಕಲಿತು ತಿದ್ದಿಕೊಳ್ಳುವವರು ಮೇಲೆಂದು ಕಂಡಿತು. ಇಲ್ಲಿ ಪರೀಕ್ಷಕನು ಕ್ವಿಜ್ ರಚಿಸಿದವನಲ್ಲ, ಮುಂದೆ ನಡೆಯುವ ಸಂಗತಿ. ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಬರುವ ಚುನಾವಣೆಯ, ಬರುವ ಬಜೆಟ್ಟಿನ ಫಲವನ್ನು ಕುರಿತು ತನ್ನ ನಿರೀಕ್ಷೆಯನ್ನು ದಿನಾಂಕ ಸಹಿತ ಬರೆದಿಟ್ಟು, ವರ್ಷದ ಅನಂತರ ತೆಗೆದು ನೋಡುವ ಅಭ್ಯಾಸ ಯಾರಿಗೂ ಅಸಾಧ್ಯವಾದುದಲ್ಲ.

ಎರಡನೆಯ ಅಳತೆ ನಮ್ಮ ದೇಶದಲ್ಲಿಯೇ ಹಳೆಯದು. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತವೆ: ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲವಿಗಾಗಿ ನಡೆಯುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಪರಪಕ್ಷವನ್ನು ಕೆಡವುವುದಕ್ಕಾಗಿಯೇ ನಡೆಯುವುದು ವಿತಂಡೆ. ಒಬ್ಬನು ಈ ಮೂರರಲ್ಲಿ ಯಾವುದರಲ್ಲಿ ತೊಡಗಿದ್ದಾನೆಂಬುದು ಅವನ ಸಿದ್ಧಾಂತದಿಂದ ತಿಳಿಯದು. ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಅವನು ಹೇಗೆ ನಿರೂಪಿಸುತ್ತಾನೆಂಬುದರಿಂದ ತಿಳಿಯುತ್ತದೆ. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ಹೊರಬಂದ ‘ಸರ್ವದರ್ಶನಸಂಗ್ರಹ’ವು ಆರಂಭವಾಗುವುದು ಗ್ರಂಥಕಾರನ ಮತಕ್ಕೆ ಅತ್ಯಂತ ದೂರವಾದ ಚಾರ್ವಾಕದರ್ಶನದಿಂದ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಮಟ್ಟಿಗೆ ಕಣ್ಮರೆಯಾಗಿರುವ ಇಂದು, ಅವರ ಮತವನ್ನು ತಿಳಿಯಬಯಸುವವನು ಅವರನ್ನು ಒಪ್ಪದವನೊಬ್ಬನು ಬರೆದ ಆ ಅಧ್ಯಾಯಕ್ಕೇ ಹೋಗಬೇಕಾಗಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಬ್ರಯಾನ್ ಕ್ಯಾಪ್ಲನ್ 2011ರಲ್ಲಿ ಸೂಚಿಸಿದ ಪರೀಕ್ಷೆಯೂ ಇದೇ ಜಾಡಿನದು: ಎದುರು ಪಕ್ಷದವನಂತೆ ನಟಿಸಿ ನೀನು ಮಂಡಿಸುವ ವಾದವನ್ನು ಕೇಳಿ, ಆ ಪಕ್ಷದವರೇ ನಿನ್ನನ್ನು ತಮ್ಮವನೆಂದು ಭ್ರಮಿಸಬೇಕು. ಮೀಸಲಾತಿಯನ್ನು ವಿರೋಧಿಸುವವನು ಅದರ ಪರವಾದ ವಾದವನ್ನು, ಸಮರ್ಥಿಸುವವನು ವಿರೋಧದ ವಾದವನ್ನು, ಎದುರಿನವನು ‘ನನ್ನ ಮಾತು ಇದೇ’ ಎನ್ನುವಂತೆ ಹೇಳಬಲ್ಲನೆ? ಇದಕ್ಕೆ ಅಂಕ ಕೊಡುವ ಅಧಿಕಾರ ಯಂತ್ರಕ್ಕಿಲ್ಲ, ನಮಗೂ ಇಲ್ಲ. ನಮ್ಮ ಪ್ರತಿಪಕ್ಷಿಗೆ ಉಂಟು.

ಅಂಕವನ್ನು ಪ್ರತಿಪಕ್ಷಿಯ ಕೈಗೆ ಒಪ್ಪಿಸಲು ಸಿದ್ಧನಿರುವವನಿಗೆ ಆನ್‌ಲೈನ್ ಕ್ವಿಜ್‌ನಿಂದ ಹಾನಿಯಿಲ್ಲ, ಅಲ್ಪ ಲಾಭವೂ ಉಂಟು. ತನ್ನ ಅಂಕವನ್ನು ತೋರಿಸಿ ಪ್ರತಿಪಕ್ಷಿಯ ಬಾಯಿ ಮುಚ್ಚಿಸಲು ಹೊರಟವನಿಗೆ ಅದು ಜಲ್ಪದ ಹೊಸ ಆಯುಧವಾಗುತ್ತದೆ. ಪ್ರಜಾಪ್ರಭುತ್ವದಲ್ಲಿ ಮತಭೇದವು ರೋಗವಲ್ಲವಾದುದರಿಂದ, ಯಾರು ರೋಗಿ, ಯಾರು ಆರೋಗ್ಯವಂತ ಎಂದು ಸಾರುವ ಪರೀಕ್ಷೆಯೂ ಅದಕ್ಕೆ ಬೇಕಿಲ್ಲ. ಆಡಿದ ಮಾತನ್ನು ಬರೆದಿಟ್ಟು ಮುಂದೆ ಲೆಕ್ಕ ಒಪ್ಪಿಸುವ ನಿಯಮವೂ, ಎದುರಿನವನ ಮಾತನ್ನು ಅವನ ಮನಸ್ಸಿಗೆ ಒಪ್ಪುವಂತೆ ಹೇಳಿದ ಮೇಲೆಯೇ ಖಂಡಿಸುವ ಶಿಷ್ಟಾಚಾರವೂ ನಮ್ಮ ಪತ್ರಿಕೆಗಳಲ್ಲಿ, ಸಭೆಗಳಲ್ಲಿ, ಶಾಲೆಯ ಚರ್ಚಾಕೂಟಗಳಲ್ಲಿ ನೆಲೆಗೊಳ್ಳುವುದು ಅದಕ್ಕಿಂತ ಹೆಚ್ಚು ಅವಶ್ಯಕ.